ಹೆಸರು ಕೇಳುತ್ತಿದ್ದ ಡಾಕ್ಟರರು

ಫೋನು ಬಂದರೆ ಅವರು ಹಲೋ ಅನ್ನುತ್ತಿರಲಿಲ್ಲ. ಕಿವಿಗೆ ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದರು. ಆ ಕಡೆಯವರು ಒಂದಷ್ಟು ಕೂಗಿ, ಬೇಸತ್ತು, ತಮ್ಮ ಹೆಸರೂ ಊರೂ ಹೇಳಿದ ಮೇಲೆಯೇ ಇವರ ಬಾಯಿಂದ 'ಹೂಂ, ಹೇಳ್ರಿ' ಎಂಬ ಮಾತು ಹೊರಡುತ್ತಿತ್ತು. ಹೊಸದಾಗಿ ಪರಿಚಯವಾದವರು ಇದನ್ನು ಸೊಕ್ಕು ಎಂದುಕೊಳ್ಳುತ್ತಿದ್ದರು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ.

ಅವರು ಮರಾಠಿ ಸೀಮೆಗೆ ಸೇರಿದ ಗಡಿಯ ನಿಲಂಗಾ ತಾಲೂಕಿನಲ್ಲಿ, ಕಾಸಾರಶಿರಸಿಯ ಕಡೆ, ಸರಕಾರಿ ದನದ ದವಾಖಾನೆಯ ಡಾಕ್ಟರು. ನಾನು ಉಮರಗಾದಲ್ಲಿ ಅದೇ ಕೆಲಸ ಮಾಡುತ್ತಿದ್ದೆ, ಅವರಿಗಿಂತ ಬಹಳ ಕಿರಿಯ. ಇಬ್ಬರದೂ ಬೇರೆ ಬೇರೆ ಜಿಲ್ಲೆ, ಆದರೆ ಗಡಿಯ ದನಗಳಿಗೆ ಜಿಲ್ಲೆ ಗೊತ್ತಿರುವುದಿಲ್ಲ. ಅವರ ಕೈಯಲ್ಲಿ ವಾಸಿಯಾಗದ ಎತ್ತು ನನ್ನ ಹತ್ತಿರ ಬರುತ್ತಿತ್ತು, ನನ್ನ ಕೈಯಲ್ಲಿ ಆಗದ್ದು ಅವರ ಹತ್ತಿರ. ಹಾಗೆ ಪರಿಚಯವಾಯಿತು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದಕ್ಕೆ ಕಾರಣ ಓದುತ್ತಾ ಹೋದಂತೆ ತಿಳಿಯುತ್ತದೆ. ಈ ಕತೆಗೆ ಸೇರಿದವರಲ್ಲಿ ಹೆಚ್ಚಿನವರು ಈಗ ವರ್ಗವಾಗಿ ದೂರ ಹೋಗಿದ್ದಾರೆ, ಕೆಲವು ಊರುಗಳನ್ನೂ ನಾನು ಬೇಕೆಂದೇ ಅದಲು ಬದಲು ಮಾಡಿದ್ದೇನೆ.

ಎತ್ತರದ ಆಳು, ಹಣೆಯ ಮೇಲೆ ಸದಾ ವಿಭೂತಿ, ಕಿಸೆಯಲ್ಲಿ ಥರ್ಮಾಮೀಟರು. ರೈತ ದನ ಹಿಡಿದುಕೊಂಡು ಬಂದರೆ ಮೊದಲು ಅವನ ಹೆಸರು, ಆಮೇಲೆ ದನದ ಹೆಸರು ಕೇಳುತ್ತಿದ್ದರು. ನಮ್ಮ ಕಡೆ ಹೆಸರಿಲ್ಲದ ಎತ್ತು ಇರುವುದಿಲ್ಲ. ಯಾರಾದರೂ ತಮ್ಮ ಹೆಸರು ಹೇಳದೆ ರೋಗದ ಮಾತು ಶುರು ಮಾಡಿದರೆ ತಡೆದು, 'ದನಕ್ಕೂ ಹೆಸರದ, ನಿಮಗಿಲ್ಲೇನು?' ಅನ್ನುತ್ತಿದ್ದರು. ಅವರು ನಗದೆ ಹೇಳುತ್ತಿದ್ದ ಮಾತಿಗೆ ಸುತ್ತ ನಿಂತವರು ನಗುತ್ತಿದ್ದರು.

ಇದರ ಹಿಂದಿನ ಕತೆಯನ್ನು ಅವರೇ ಒಮ್ಮೆ ಬಸ್ಸಿನಲ್ಲಿ ಹೇಳಿದ್ದರು. ನೌಕರಿಗೆ ಸೇರಿದ ಹೊಸದರಲ್ಲಿ ಶಿರೂರ ಅನಂತಪಾಳದಲ್ಲಿದ್ದಾಗ ಅವರ ಮೇಲೆ ಒಂದು ನಿನಾವಿ ಅರ್ಜಿ ಹೋಗಿತ್ತು. ಬರೆದವರ ಹೆಸರಿಲ್ಲದ ದೂರಿಗೆ ಮರಾಠಿಯಲ್ಲಿ ಹಾಗೆ ಅನ್ನುತ್ತಾರೆ. ಸರಕಾರದ ಲಸಿಕೆಯನ್ನು ಹೊರಗೆ ಮಾರುತ್ತಾರೆ ಎಂಬುದು ದೂರು. ಚೌಕಶಿ ನಡೆಯಿತು, ಇವರದೇನೂ ತಪ್ಪಿಲ್ಲವೆಂದು ತೀರ್ಮಾನವೂ ಆಯಿತು. ಆದರೆ ಬರೆದವರು ಯಾರೆಂದು ಮಾತ್ರ ತಿಳಿಯಲೇ ಇಲ್ಲ. ಕಂಪೌಂಡರನೋ, ಎದುರು ಮನೆಯವನೋ, ದಿನಾ ಜೊತೆಗೆ ಕೂತು ಬುತ್ತಿ ಬಿಚ್ಚುತ್ತಿದ್ದ ಗೆಳೆಯನೋ. ಒಬ್ಬೊಬ್ಬರ ಮುಖ ನೋಡಿದಾಗಲೂ ಅವರಿಗೆ ಅದೇ ಯೋಚನೆ.

'ಯಾರು ಬರದಾರ ಅಂತ ಗೊತ್ತಾಗಿದ್ರ ಒಬ್ಬರ ಜೋಡಿ ಮಾತ ಬಿಡ್ತಿದ್ದೆ. ಗೊತ್ತಾಗಲಿಲ್ಲ, ಎಲ್ಲಾರ ಜೋಡಿ ಬಿಟ್ಟೆ' ಅಂದರು.

ಉಮರಗಾ, ನಿಲಂಗಾ, ಉದಗೀರದ ದನದ ಡಾಕ್ಟರರೆಲ್ಲ ಸೇರಿ ಮೊಬೈಲಿನಲ್ಲಿ ಒಂದು ಗುಂಪು ಮಾಡಿಕೊಂಡಾಗ ಹಿರಿಯರೆಂದು ಅವರನ್ನೇ ಅಡ್ಮಿನ್ ಮಾಡಿದೆವು. ಅವರು ಮಾಡಿದ ಮೊದಲ ಕಾನೂನು, ಒಳಗೆ ಬರುವವರು ತಮ್ಮ ಪೂರ್ತಿ ಹೆಸರು, ಊರು, ನೋಂದಣಿ ನಂಬರು ಬರೆಯಬೇಕು ಎಂಬುದು. ಸರಕಾರಿ ಡಾಕ್ಟರರು, ಖಾಸಗಿಯವರು, ಔಷಧಿ ಕಂಪನಿಗಳ ಮಂದಿ ಎಲ್ಲರೂ ಅಲ್ಲಿದ್ದರು. ಹಸುವಿನ ಕೆಚ್ಚಲಿನ ಫೋಟೋ, ಎತ್ತಿನ ಗೊರಸಿನ ಫೋಟೋ, ಸಲಹೆ, ಮರುಸಲಹೆ. ಕೆಲವರು ಮರಾಠಿಯಲ್ಲಿ ಬರೆದರೆ ಕೆಲವರು ಕನ್ನಡದಲ್ಲಿ, ಹೆಚ್ಚಿನವರು ಎರಡನ್ನೂ ಕಲಸಿ.

ಆದರೆ ಆ ಕಾನೂನು ಬರುವ ಮೊದಲೇ, ಗುಂಪಿನ ಬಾಗಿಲು ಎಲ್ಲರಿಗೂ ತೆರೆದಿದ್ದ ದಿನಗಳಲ್ಲಿ, ಒಬ್ಬರು ಒಳಗೆ ಬಂದಿದ್ದರು. ಹೆಸರಿನ ಜಾಗದಲ್ಲಿ 'ಗೋಠಾ' ಎಂದಿತ್ತು, ಅಂದರೆ ಮರಾಠಿಯಲ್ಲಿ ದನದ ಕೊಟ್ಟಿಗೆ. ಮುಖದ ಜಾಗದಲ್ಲಿ ಒಂದು ಖಾಲಿ ಗೂಟದ ಚಿತ್ರ. ಆ ಆ್ಯಪಿನಲ್ಲಿ ಫೋನ್ ನಂಬರನ್ನು ಮುಚ್ಚಿಡಬಹುದಿತ್ತು, ಮುಚ್ಚಿಟ್ಟಿದ್ದರು. ಗೋಠಾ ಬರೆಯುತ್ತಿದ್ದುದು ಅಪರೂಪ. ಬರೆದರೆ ಮಾತ್ರ ತೂಕದ ಮಾತು. ಒಮ್ಮೆ ನನ್ನದೇ ಒಂದು ಆಕಳಿನ ಹೊಟ್ಟೆಯುಬ್ಬರಕ್ಕೆ ಎಲ್ಲರೂ ಒಂದು ಹೇಳಿದಾಗ ಗೋಠಾ ಬೇರೆಯದನ್ನು ಹೇಳಿದರು, ಅದೇ ಸರಿಯಾಗಿತ್ತು.

ಹೆಸರು ಹೇಳಿ ಎಂದು ಅಡ್ಮಿನ್ ಸಾಹೇಬರು ಬರೆದರು. ಉತ್ತರವಿಲ್ಲ. ಮತ್ತೆ ಬರೆದರು. ಇಲ್ಲ. ತೆಗೆದುಹಾಕಿಬಿಡಿ ಎಂದು ನಾನಂದೆ. ತೆಗೆದರೆ ಮತ್ತೊಂದು ವೇಷದಲ್ಲಿ ಬರುತ್ತಾನೆ, ಒಳಗಿದ್ದರೆ ಕಣ್ಣೆದುರಿಗಿರುತ್ತಾನೆ ಎಂದು ಅವರ ಲೆಕ್ಕ. ಅಲ್ಲಿಂದ ಶುರುವಾಯಿತು ನೋಡಿ ಅವರ ಹುಡುಕಾಟ. ಗೋಠಾ ಬರೆದ ಹೊತ್ತಿಗೆ ಯಾರು ಯಾರು ಗುಂಪಿನಲ್ಲಿ ಸುಮ್ಮನಿದ್ದರು ಎಂದು ನೋಡುತ್ತಿದ್ದರು. ಯಾರು ಯಾವ ಶಬ್ದ ಬಳಸುತ್ತಾರೆ, ಯಾರು ಪೂರ್ಣವಿರಾಮ ಹಾಕುತ್ತಾರೆ, ಎಲ್ಲ. ಮೀಟಿಂಗಿಗೆ ಬಂದಾಗ ಮಾತಾಡುವವರ ಬಾಯಿಯನ್ನೇ ದಿಟ್ಟಿಸುತ್ತಿದ್ದರು. ಅವರಿಂದಾಗಿ ನಮಗೂ ಆ ಚಟ ಅಂಟಿತು. ಚಹಾ ಕುಡಿಯುವಾಗ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡಿಕೊಳ್ಳುವುದು, ಮಾತು ಅಳೆದು ಆಡುವುದು. ಕೆಲವರಿಗೆ ಅಡ್ಮಿನ್ ಸಾಹೇಬರೇ ಗೋಠಾ ಇರಬಹುದು ಎಂದೂ ಅನಿಸಿತ್ತು. ಸುಳ್ಳೇಕೆ, ನನಗೂ ಅನಿಸಿತ್ತು.

ಒಂದು ಮಧ್ಯಾಹ್ನ ಅವರು ಹೇಳದೆ ಕೇಳದೆ ಉಮರಗಾದ ನನ್ನ ದವಾಖಾನೆಗೆ ಬಂದರು. ಕೂಡಲಿಲ್ಲ, ನೀರು ಕೊಟ್ಟರೂ ಮುಟ್ಟಲಿಲ್ಲ.

'ನಿಮ್ಮ ಫೋನ್ ಕೊಡ್ರಿ ಜರಾ' ಅಂದರು.

'ಯಾಕ್ರೀ ಸರ್?'

'ಕೊಡ್ರಿ. ಗೋಠಾ ನೀವಲ್ಲ ಅಂದ್ರ ಕೊಡ್ಲಿಕ್ಕೇನು ತ್ರಾಸ?'

ಕೊಟ್ಟೆ. ನನ್ನೆದುರೇ ನಿಂತು ನೋಡಿದರು. ಏನೂ ಸಿಗಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು ಹೊರಟೇಹೋದರು. ಕ್ಷಮೆಯೂ ಕೇಳಲಿಲ್ಲ, ಕಾರಣವೂ ಹೇಳಲಿಲ್ಲ. ಆ ಹೊಟ್ಟೆಯುಬ್ಬರದ ಸಲಹೆಯನ್ನು ನಾನೇ ಇನ್ನೊಂದು ಹೆಸರಿನಿಂದ ಬರೆದು ನಾನೇ ಹೊಗಳಿಕೊಂಡೆ ಎಂದು ಅವರು ತಿಳಿದಿದ್ದರಂತೆ. ನಾನು ಬಹಳ ದಿನ ಅವರ ಜೊತೆ ಮಾತಾಡಲಿಲ್ಲ. ಅವರ ದನ ನನ್ನ ಹತ್ತಿರ ಬರುವುದೂ ನಿಂತಿತು.

ಆ ಚಳಿಗಾಲದಲ್ಲಿ ಗೋಠಾ ಗುಂಪಿನಲ್ಲಿ ಒಂದು ಪ್ರಶ್ನೆ ಕೇಳಿದರು. ಈದ ಎಮ್ಮೆಗೆ ಹಾಲುಜ್ವರ ಬರುವುದು ನಮಗೆ ದಿನನಿತ್ಯದ ಮಾತು. ಮೈಯೊಳಗಿನ ಸುಣ್ಣವೆಲ್ಲ ಹಾಲಿಗೆ ಹೋಗಿ ಎಮ್ಮೆ ನೆಲ ಹಿಡಿಯುತ್ತದೆ. ಕುತ್ತಿಗೆಯ ನರಕ್ಕೆ ಕ್ಯಾಲ್ಸಿಯಂ ಬಾಟಲಿ ಹಚ್ಚಿ ನಿಧಾನ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಎದ್ದು ನಿಲ್ಲುತ್ತದೆ. ರೈತ ಕೈ ಮುಗಿಯುತ್ತಾನೆ. ಆದರೆ ಬಾಟಲಿ ಜೋರಾಗಿ ಬಿಟ್ಟರೆ ಎದೆ ನಿಂತು ಎಮ್ಮೆ ಅಲ್ಲೇ ಸಾಯುತ್ತದೆ, ಅದು ಡಾಕ್ಟರನ ಕೈಯ ತಪ್ಪು. ಗೋಠಾ ಕೇಳಿದ್ದು ಇಷ್ಟೇ: ನಿಧಾನವಾಗಿ ಬಿಟ್ಟರೂ ಎಮ್ಮೆ ಸತ್ತ ಅನುಭವ ಯಾರಿಗಾದರೂ ಇದೆಯೇ? ಇದ್ದರೆ ಇಂಥ ಕಂಪನಿಯ (ಹೆಸರನ್ನೂ ಬರೆದಿದ್ದರು) ಬಾಟಲಿಯೇ? ಬೆಳಕಿಗೆ ಹಿಡಿದು ಒಳಗೆ ಕಣಗಳಿವೆಯೇ ಎಂದು ನೋಡಿದ್ದೀರಾ?

ಇಡೀ ದಿನ ಯಾರೂ ಏನೂ ಬರೆಯಲಿಲ್ಲ. ಸಂಜೆಗೆ ಆ ಕಂಪನಿಯ ಮನುಷ್ಯನೊಬ್ಬ, ಹೆಸರಿಲ್ಲದವರು ಹೆಸರಿರುವ ಕಂಪನಿಯ ಮೇಲೆ ಕೆಸರು ಎರಚಬಾರದು ಎಂದು ಬರೆದ. ಕೂಡಲೇ ನಮ್ಮವರಿಗೆ ಧೈರ್ಯ ಬಂತು. ಹೆಸರು ಹೇಳು, ಆಮೇಲೆ ಮಾತಾಡು ಎಂದು ಒಬ್ಬರ ಹಿಂದೊಬ್ಬರು ಬರೆದರು. ಬಾಟಲಿ ಹಿಡಿಯಲು ಬಾರದವರು ಬಾಟಲಿಯನ್ನು ಬೈಯುತ್ತಾರೆ ಎಂದು ಉದಗೀರದ ಒಬ್ಬ ಡಾಕ್ಟರು ಬರೆದರು. ಒಳ್ಳೆಯ ಮಾತುಗಾರರು, ಸಂಘದಲ್ಲಿ ಓಡಾಡುವವರು. ಅವರ ಮಾತಿಗೆ ಬಹಳ ಮಂದಿ ಹೆಬ್ಬೆರಳು ಎತ್ತಿದರು.

ಅಡ್ಮಿನ್ ಸಾಹೇಬರು ಮಾತ್ರ ಏನೂ ಬರೆಯಲಿಲ್ಲ. ಮರುದಿನ ಮುಂಜಾನೆ ಅವರ ಮೋಟಾರ್‌ಸೈಕಲ್ಲು ನನ್ನ ಮನೆಯ ಮುಂದೆ ನಿಂತಿತ್ತು.

'ಬರ್ರಿ, ಯೆಣೆಗೂರಕ್ಕ ಹೋಗೂಣು' ಅಂದರು. ನಮ್ಮ ನಡುವೆ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ.

ನಾನೇಕೆ ಎಂದು ಕೇಳಿದೆ. 'ನಿಮ್ಮ ಫೋನ್ ನೋಡೀನಿ. ಈ ಮೂರು ತಾಲೂಕಿನ್ಯಾಗ ನಂಗ ಸಂಶಯ ಇಲ್ದಾಂವ ನೀವೊಬ್ರೇ' ಅಂದರು. ಅವರಿಂದ ನನಗೆ ಸಿಕ್ಕ ಕ್ಷಮಾಪಣೆ ಅದೊಂದೇ.

ಯೆಣೆಗೂರದ ಹೆದ್ದಾರಿಯ ಧಾಬಾದಲ್ಲಿ ಅಲ್ಲಿಯ ಡಾಕ್ಟರನ್ನು ಕರೆಸಿದರು. ಗುಂಪಿನಲ್ಲಿ ಗೋಠಾನ ಮೇಲೆ ಎಲ್ಲರಿಗಿಂತ ಜೋರಾಗಿ ಹಾರಾಡಿದವರು ಅವರು. ಚಹಾ ಬಂತು, ಆರಿತು. ಲಾರಿಯವರೆಲ್ಲ ಎದ್ದುಹೋಗುವ ತನಕ ಸಾಹೇಬರು ಮಳೆ ಬೆಳೆ ಮಾತಾಡಿದರು. ಆಮೇಲೆ ಸಣ್ಣ ದನಿಯಲ್ಲಿ, 'ಕ್ಯಾಲ್ಸಿಯಂ ಹಚ್ಚಿದಾಗ ಎಮ್ಮಿ ಹೋಗ್ಯಾವೇನ್ರಿ ನಿಮ್ಮ ಕೈಯಾಗ?' ಎಂದು ಕೇಳಿದರು. ಆ ಮನುಷ್ಯ ಸುತ್ತ ನೋಡಿದರು, ನನ್ನ ಕಡೆ ನೋಡಿದರು, ಫೋನನ್ನು ಮಗುಚಿ ಇಟ್ಟರು. 'ಹೋಗ್ಯಾದರೀ' ಅಂದರು. 'ನನ್ನ ಕೈ ಜೋರ ಆಗಿರಬೇಕು ಅಂತ ಮನ್ಯಾಗೂ ಹೇಳಿಲ್ಲ.'

ಹೀಗೆ ಊರೂರು. ಎಲ್ಲ ಕಡೆ ಅದೇ ಕತೆ, ಅದೇ ಪಿಸುಮಾತು. ಎಲ್ಲರ ಕೈಯಲ್ಲೂ ಎಮ್ಮೆ ಸತ್ತಿತ್ತು. ಪ್ರತಿಯೊಬ್ಬರೂ ಅದು ತಮ್ಮೊಬ್ಬರದೇ ತಪ್ಪು ಎಂದುಕೊಂಡಿದ್ದರು, ಮತ್ತು ಅದನ್ನು ಮುಚ್ಚಲು ಗೋಠಾನನ್ನು ಬೈದಿದ್ದರು. ಪೂರ್ತಿ ಹೆಸರು, ಊರು, ನೋಂದಣಿ ನಂಬರು ಇಟ್ಟುಕೊಂಡು ನಾವು ಅಷ್ಟು ದಿನ ಒಬ್ಬರಿಗೊಬ್ಬರು ಹೇಳಿಕೊಂಡದ್ದೆಲ್ಲ ಗೆದ್ದ ಕತೆಗಳನ್ನೇ. ಹೆಸರಿನ ಕೆಳಗೆ ಸೋತದ್ದನ್ನು ಬರೆಯುವ ಧೈರ್ಯ ಒಬ್ಬರಿಗೂ ಇರಲಿಲ್ಲ.

ಮರಳುವಾಗ ಸಾಹೇಬರು ದಾರಿಯಲ್ಲಿ ಗಾಡಿ ನಿಲ್ಲಿಸಿ ಬೇವಿನ ಮರದ ಕೆಳಗೆ ಕೂತರು. ಬಹಳ ಹೊತ್ತು ಫೋನು ಹಿಡಿದು ಬೆರಳಾಡಿಸಿದರು. ಗುಂಪಿನಲ್ಲಿ ಅವರದೊಂದು ಬರಹ ಬಂತು. ಆ ಬಾಟಲಿಯನ್ನು ಯಾರೂ ಹಚ್ಚಬೇಡಿ, ತಪಾಸಣೆಗೆ ಕಳಿಸುತ್ತಿದ್ದೇನೆ, ನನ್ನ ಕೈಯಲ್ಲೂ ಒಂದು ಎಮ್ಮೆ ಹೋಗಿದೆ, ನಾನೂ ಮುಚ್ಚಿಟ್ಟಿದ್ದೆ ಎಂದು. ಕೆಳಗೆ ಪೂರ್ತಿ ಹೆಸರು, ಊರು, ನೋಂದಣಿ ನಂಬರು. ನಾನು ಬೆರಗಾಗಿ ಅವರ ಮುಖ ನೋಡಿದೆ. ಅವರ ಎಮ್ಮೆಯ ಕತೆ ಇಡೀ ದಿನ ಜೊತೆಗಿದ್ದ ನನಗೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಯೆಣೆಗೂರದವರು 'ನನ್ನದೂ' ಎಂದು ಬರೆದರು. ಆಮೇಲೆ ಮತ್ತೊಬ್ಬರು, ಮಗದೊಬ್ಬರು. ಉದಗೀರದ ಮಾತುಗಾರರು ಮಾತ್ರ ತಮ್ಮ ಹಳೆಯ ಮಾತನ್ನು ಸದ್ದಿಲ್ಲದೆ ಅಳಿಸಿಹಾಕಿದರು.

ತಪಾಸಣೆಯ ವರದಿ ನಮ್ಮ ತನಕ ಬರಲಿಲ್ಲ, ಬಾಟಲಿಗಳು ಮಾತ್ರ ಪೇಟೆಯಿಂದ ಒಳಗೊಳಗೇ ಮಾಯವಾದವು. ಅದರ ಬೆನ್ನಿಗೇ ಸಾಹೇಬರ ಮೇಲೆ ಚೌಕಶಿ ಬಂತು. ಸರಕಾರಿ ನೌಕರ ಮೇಲಿನವರಿಗೆ ತಿಳಿಸದೆ ಕಂಪನಿಯ ಹೆಸರು ಕೆಡಿಸಿದ ಎಂದು. ಸಾಕ್ಷಿಗೆಂದು ನನ್ನನ್ನೂ ಕರೆದಿದ್ದರು. ವಿಚಾರಣೆಯ ಅಧಿಕಾರಿಗೆ ಬಾಟಲಿಯ ಮೇಲೆ ಆಸಕ್ತಿಯಿರಲಿಲ್ಲ. ಈ ಮಾತು ಮೊದಲು ತೆಗೆದವರು ಯಾರು ಎಂಬುದೇ ಅವರಿಗೆ ಬೇಕಿತ್ತು. ಅದು ಕಂಪನಿಗೂ ಬೇಕಿತ್ತೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಮರಾಠಿಯಲ್ಲೇ ಪ್ರಶ್ನೆ ನಡೆಯಿತು. ಗೋಠಾ ಯಾರು, ನಿಮಗೆ ಗೊತ್ತೇ?

ಗೊತ್ತಿಲ್ಲ ಎನ್ನುತ್ತಾರೆಂದು ನಾನು ಕಾದೆ. ಗೊತ್ತಿಲ್ಲವೆಂದೇ ನಾನೂ ತಿಳಿದಿದ್ದೆ.

'ಗೊತ್ತದ' ಅಂದರು ಸಾಹೇಬರು, ಕನ್ನಡದಲ್ಲೇ. 'ಹೇಳಂಗಿಲ್ಲ.'

ಅಧಿಕಾರಿಯೂ ಗಡಿಯ ಕಡೆಯವರೇ, ಅವರಿಗೆ ಕನ್ನಡ ತಿಳಿಯುತ್ತಿತ್ತು. ಹೇಳದಿದ್ದರೆ ಏನಾಗಬಹುದೆಂದು ವಿವರಿಸಿದರು. ನಿವೃತ್ತಿಗೆ ಸ್ವಲ್ಪವೇ ಉಳಿದಿದೆ, ಯಾಕೆ ಬೇಕು ಎಂದು ಮಿತ್ರನ ಹಾಗೂ ಹೇಳಿದರು. ನಿಮ್ಮ ಗುಂಪಿನಲ್ಲಿ ಹೆಸರಿನ ಕಾನೂನು ಮಾಡಿದವರೇ ನೀವಲ್ಲವೇ ಎಂದು ಕೆಣಕಿದರು.

'ಹೌದ್ರಿ. ಅದಕ್ಕಽ ನನ್ನ ಹೆಸರ ಬರದೀನಿ. ಆ ಮಾತಿಗೆ ಒಂದು ಹೆಸರ ಬೇಕಿತ್ತು, ಸಿಕ್ಕದ. ಇನ್ನೊಂದು ಯಾಕ?'

ಅವರನ್ನು ಜಿಲ್ಲೆಯ ಇನ್ನೊಂದು ಮೂಲೆಗೆ ವರ್ಗ ಮಾಡಿದರು. ಮನೆ ಬಿಡಲಿಲ್ಲ ಅವರು. ನೌಕರಿಯ ಕೊನೆಯ ಕಾಲವನ್ನೆಲ್ಲ ಬಸ್ಸುಗಳಲ್ಲಿ ನಿಂತು ಕಳೆದರು. ಒಮ್ಮೆ ನಾನು ನೇರವಾಗಿ ಕೇಳಿಯೇಬಿಟ್ಟೆ, ನಿಮಗೆ ಹೇಗೆ ಗೊತ್ತಾಯಿತು, ಯಾರದು ಎಂದು. ಬೇವಿನ ಮರದ ಕೆಳಗೆ ಕೂತಿದ್ದಾಗ ಗೋಠಾನಿಗೆ ಖಾಸಗಿಯಾಗಿ ಬರೆದು ಕೇಳಿದ್ದರಂತೆ: ನಾನು ನನ್ನ ಹೆಸರು ಹಾಕುತ್ತೇನೆ, ನನಗೊಬ್ಬನಿಗೆ ನಿಮ್ಮ ಹೆಸರು ಹೇಳಿ. ಹೇಳಿದರಂತೆ. ಆ ಹೆಸರನ್ನು ಮಾತ್ರ ಸಾಹೇಬರು ನನಗೆ ಹೇಳಲಿಲ್ಲ. 'ಅವರು ನಂಬಿ ಹೇಳ್ಯಾರ. ನಿಮಗ ಹೇಳಿದ್ರ, ನಾಳಿ ಹೊರಗ ಬಿದ್ದಾಗ ನಿಮ್ಮ ಮ್ಯಾಲೂ ಸಂಶಯ ಪಡಬೇಕಾಗ್ತದ. ಬ್ಯಾಡ' ಅಂದರು. ಮೊದಲೆಲ್ಲ ಗೋಠಾನನ್ನು ಅಂವ ಅನ್ನುತ್ತಿದ್ದವರು ಈಗ ಅವರು ಅನ್ನುತ್ತಿದ್ದರು. ಗೌರವಕ್ಕೆ ಎಂದುಕೊಂಡೆ.

ನಿವೃತ್ತರಾದ ಮೇಲೆ ಹೆಚ್ಚು ದಿನ ಬದುಕಲಿಲ್ಲ. ಗುಂಪಿನ ಅಡ್ಮಿನ್ ಕೆಲಸ ನನ್ನ ತಲೆಗೆ ಬಂತು. ಉದಗೀರದಲ್ಲಿ ಸಂಘದವರು ಶೋಕಸಭೆ ಕರೆದರು. ವರ್ಗವಾದಾಗ ಒಂದು ಮಾತಾಡದವರೆಲ್ಲ ಅಂದು ಮಾತಾಡಿದರು. ಕೊನೆಗೆ ಆ ಮಾತುಗಾರ ಡಾಕ್ಟರು ಎದ್ದರು. ಕಣ್ಣು ಒರೆಸಿಕೊಂಡು, ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಆ ಗೋಠಾ ನಾನೇ, ಅವರು ತಮ್ಮ ನೌಕರಿ ಪಣಕ್ಕಿಟ್ಟು ನನ್ನನ್ನು ಉಳಿಸಿದರು ಅಂದರು. ಸಭೆ ಚಪ್ಪಾಳೆ ತಟ್ಟಿತು. ಶೋಕಸಭೆಯಲ್ಲಿ ಚಪ್ಪಾಳೆ ತಟ್ಟಿದ್ದನ್ನು ನಾನು ಅಲ್ಲೇ ಕಂಡದ್ದು. ಗೋಠಾನ ಖಾತೆ ಆ ಚಳಿಗಾಲದಲ್ಲೇ ಅಳಿಸಿಹೋಗಿತ್ತು, ಇಲ್ಲವೆನ್ನಲು ಯಾರೂ ಇರಲಿಲ್ಲ.

ನನಗೆ ನಂಬಿಕೆ ಬರಲಿಲ್ಲ. ಹಾಗೆಂದು ಸುಳ್ಳೆನ್ನಲು ಆಧಾರವೂ ಇರಲಿಲ್ಲ. ಬಾಟಲಿ ಹಿಡಿಯಲು ಬಾರದವರು ಎಂಬ ಮಾತನ್ನು ತನ್ನ ಮೇಲೆ ಸಂಶಯ ಬಾರದಿರಲೆಂದೇ ಬರೆದೆ ಎಂದು ಅವರು ಹೇಳಿಕೊಂಡಿದ್ದರು. ಇರಬಹುದಲ್ಲ? ಸಂಶಯ ಅನ್ನುವುದು ಹೀಗೇ, ಎರಡೂ ಕಡೆಯಿಂದ ಕಚ್ಚುತ್ತದೆ. ಕೊನೆಗೆ ಸಾಹೇಬರ ಮನೆಗೆ ಹೋದೆ. ಅವರ ಹೆಂಡತಿ, ನಾವೆಲ್ಲ ಕಾಕು ಅನ್ನುತ್ತಿದ್ದೆವು, ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ಉದಗೀರದ ಸಭೆಯ ಸುದ್ದಿ ಹೇಳಿದೆ. ಅವರು ಮೊರ ಕೆಳಗಿಟ್ಟರು.

'ಅಂವ ಹ್ಯಾಂಗ ಆಗ್ತಾನ್ರೀ? ಚೌಕಶಿಗಿ ಹೋಗೋ ಮುಂಜಾನಿ ಲಿಂಗಪೂಜಿ ಮುಗಿಸಿ, ಆಕಿ ಹೆಸರ ನನ್ನ ಬಾಯಿಂದ ಬರಬಾರದಪಾ ಅಂತ ಅಂದಿದ್ರು. ನಾ ಕೇಳಿಸಿಕೊಂಡು, ಈ ಆಕಿ ಯಾರು ಅಂತ ಊಟ ಬಿಟ್ಟು ಕುಂತಿದ್ದೆ. ಆಮ್ಯಾಲ, ನಿಮ್ಮ ಹಂಗಽ ಡಾಕ್ಟರಕಿ ಒಬ್ಬಾಕಿ, ಅದಽ ಬಾಟಲಿ ಕಂಪನ್ಯಾಗ ಹಂಗಾಮಿ ನೌಕರಿ, ಸಣ್ಣ ಮಕ್ಕಳು ಅಂತ ಹೇಳಿದ್ರು. ಹೆಸರ ನಂಗೂ ಹೇಳಲಿಲ್ಲ.'

ಹೇಳಿ ಮುಗಿಸಿದ ಮೇಲೆ ಗಾಬರಿಯಾಗಿ ನನ್ನ ಮುಖ ನೋಡಿದರು. ನಾನೇನೂ ಕೇಳಿಲ್ಲ ಕಾಕು ಎಂದೆ. ತಲೆಯಾಡಿಸಿ ಮತ್ತೆ ಮೊರ ಎತ್ತಿಕೊಂಡರು.

ಮನೆಗೆ ಬಂದು ಗೋಠಾನ ಹಳೆಯ ಬರಹಗಳನ್ನು ತೆಗೆದು ನೋಡಿದೆ. ಖಾತೆ ಹೋಗಿದ್ದರೂ ಬರಹಗಳು ಗುಂಪಿನಲ್ಲಿ ಹಾಗೇ ಉಳಿದಿದ್ದವು. ದನದ ಮಾತು, ಔಷಧಿಯ ಮಾತು, ಪರರ ಮಾತು ಬಂದಾಗಲೆಲ್ಲ ಚೊಕ್ಕ ಮರಾಠಿ. ತನ್ನ ಮಾತು ಬಂದ ಕೂಡಲೆ ಕನ್ನಡ. ಮರಾಠಿಯಲ್ಲಿ ನಾನು ಹೋದೆ ಅನ್ನಬೇಕಾದರೆ ಗಂಡಸು ಗೆಲೋ ಅನ್ನಬೇಕು, ಹೆಂಗಸು ಗೆಲೇ ಅನ್ನಬೇಕು. ಕನ್ನಡದಲ್ಲಿ ಹೋದೆ ಅಂದರೆ ಆಯಿತು, ಯಾರೆಂದು ಅದು ಕೇಳುವುದಿಲ್ಲ. ಒಂದು ಕಡೆಯೂ ಆಕೆ ತಪ್ಪಿರಲಿಲ್ಲ. ಹೆಂಗಸೊಬ್ಬಳು ತನ್ನ ಹೆಸರಿನಲ್ಲಿ 'ನಿಧಾನವಾಗಿ ಬಿಟ್ಟರೂ ಎಮ್ಮೆ ಸತ್ತಿತು' ಎಂದಿದ್ದರೆ ನಮ್ಮ ಗುಂಪು ಏನು ಬರೆಯುತ್ತಿತ್ತು ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಆ ದಿನಗಳಲ್ಲಿ ಮೂರು ತಾಲೂಕು ಸೇರಿಸಿದರೂ ಹೆಣ್ಣು ಡಾಕ್ಟರರು ಬೆರಳೆಣಿಕೆಯಷ್ಟು. ಅವರಲ್ಲಿ ಆಗ ಕಂಪನಿಯಲ್ಲಿ ಹಂಗಾಮಿಯಾಗಿದ್ದವರು ಯಾರು ಎಂದು ಕೇಳಿದರೆ ಒಂದು ಫೋನಿನ ಕೆಲಸ. ನಾನು ಮಾಡಲಿಲ್ಲ. ಆದರೆ ಉದಗೀರದ ಮಾತುಗಾರರು ಗೋಠಾ ಅಲ್ಲ ಎಂದು ನಾನು ಬಾಯಿ ತೆರೆದರೆ, ಹೇಗೆ ಗೊತ್ತು ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಕೊಟ್ಟರೆ ಆ ಫೋನನ್ನು ಬೇರೆ ಯಾರಾದರೂ ಮಾಡುತ್ತಾರೆ. ಆ ಕಂಪನಿ ಆಗಿನ್ನೂ ಇತ್ತು. ಆಕೆಯ ನೌಕರಿಯೂ ಅಲ್ಲೇ ಇದ್ದಿರಬಹುದು.

ಸಂಘದವರು ಆ ಮಾತುಗಾರ ಡಾಕ್ಟರಿಗೆ ಸತ್ಕಾರ ಇಟ್ಟುಕೊಂಡರು. ಗುಂಪಿನ ಅಡ್ಮಿನ್ ಎಂದು ಶಾಲು ಹೊದಿಸಲು ನನ್ನನ್ನೇ ಕರೆದರು. ಒಲ್ಲೆ ಎನ್ನಲು ಒಂದು ಕಾರಣ ಬೇಕಿತ್ತು, ನನ್ನಲ್ಲಿದ್ದ ಕಾರಣ ಹೇಳುವಂಥದ್ದಲ್ಲ. ವೇದಿಕೆ ಹತ್ತಿದೆ. ಅವರು ತಲೆ ಬಾಗಿಸಿದರು, ನಾನು ಶಾಲು ಹೊದಿಸಿ ಕೈಗೆ ತೆಂಗಿನಕಾಯಿ ಕೊಟ್ಟೆ. ಅವರು ನನ್ನ ಕೈಯನ್ನು ಬಿಗಿಯಾಗಿ ಹಿಡಿದು, ಇವರಿಗೂ ಎಲ್ಲ ಗೊತ್ತಿತ್ತು ಎಂದು ಮೈಕಿನಲ್ಲಿ ಅಂದರು. ಮುಂದಿನ ಸಾಲಿನಲ್ಲಿ ಹೆಣ್ಣು ಡಾಕ್ಟರರೆಲ್ಲ ಒಟ್ಟಿಗೆ ಕೂತಿದ್ದರು. ಚಪ್ಪಾಳೆ ಎದ್ದಿತು. ಅವರಲ್ಲಿ ಯಾರು ತಟ್ಟಿದರು, ಯಾರು ತಟ್ಟಲಿಲ್ಲ ಎಂದು ನೋಡಬೇಕೆಂದು ಕಣ್ಣು ಎಳೆಯುತ್ತಿತ್ತು. ಆ ಕಡೆ ತಿರುಗದೆ ಕೆಳಗಿಳಿದು ಬಂದೆ.